ಬೆಟ್ಟ ಹತ್ತಿದ ಬಾಟಲಿ ಕೆಳಗೂ ಇಳಿಯಲಿ

ಮಾನ್ಯ ಸಂಪಾದಕರೇ,

ನಾನು ಹೊಸನಗರ ತಾಲ್ಲೂಕಿನವನು. ಇಪ್ಪತ್ತೆರಡು ವರ್ಷದಿಂದ ಕೊಡಚಾದ್ರಿಗೆ ಜೀಪ್ ಓಡಿಸುತ್ತಿದ್ದೇನೆ. ಮುಕ್ಕಾಲು ಎಕರೆ ಅಡಿಕೆ ತೋಟ ಇದೆ. ಆದರೆ ಮನೆ ನಡೆಯುವುದು ಜೀಪಿನಿಂದ. ಮಗಳ ಕಾಲೇಜಿನ ಫೀಸು ಕಟ್ಟಿದ್ದು, ಕೊಟ್ಟಿಗೆಗೆ ಶೀಟ್ ಹಾಕಿಸಿದ್ದು ಎಲ್ಲಾ ಬೆಟ್ಟ ನೋಡಲು ಬಂದವರ ದುಡ್ಡಿನಲ್ಲಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಪ್ರವಾಸಿಗರು ಬರಬಾರದು ಎಂದು ನಾನು ಬರೆಯುತ್ತಿಲ್ಲ. ಬರಲಿ. ಮಕ್ಕಳು, ಮುದುಕರನ್ನೆಲ್ಲ ಕರೆದುಕೊಂಡು ಬರಲಿ. ಸರ್ವಜ್ಞ ಪೀಠದ ಹತ್ತಿರ ಮಂಜು ಸರಿದು ಕೆಳಗಿನ ಕಾಡು ಕಂಡಾಗ ಅವರ ಮುಖ ಹೇಗಾಗುತ್ತದೆ ಎಂದು ದಿನಾ ನೋಡುವವನು ನಾನು. ನನಗೂ ಖುಷಿಯೇ. ಆದರೆ ಅವರು ಮೇಲೆ ಬಿಟ್ಟು ಹೋಗುವ ಕಸದ ಬಗ್ಗೆ ಇನ್ನು ಸುಮ್ಮನಿರಲು ಆಗುತ್ತಿಲ್ಲ.

ಕಳೆದ ಸಂಕ್ರಾಂತಿ ರಜೆಯಲ್ಲಿ ಒಂದು ಕುಟುಂಬವನ್ನು ಕರೆದುಕೊಂಡು ಹೋಗಿದ್ದೆ. ಒಳ್ಳೆಯ ಜನ. ದಾರಿ ಪೂರಾ ನನ್ನನ್ನು ‘ಅಣ್ಣಾ, ಅಣ್ಣಾ’ ಎಂದೇ ಮಾತಾಡಿಸಿದರು. ತಂದಿದ್ದ ಚಪಾತಿ, ಚಟ್ನಿಪುಡಿ ನನಗೂ ಕೊಟ್ಟರು. ಇಳಿಯುವಾಗ ಹಿಂದಿನ ಸೀಟಿನಲ್ಲಿದ್ದ ಹುಡುಗ, ಆರೇಳು ವರ್ಷ ಇರಬಹುದು, ಖಾಲಿ ನೀರಿನ ಬಾಟಲಿ ಹಿಡಿದುಕೊಂಡು, ‘ಪಪ್ಪಾ, ಇದನ್ನ ಎಲ್ಲಿ ಹಾಕ್ಲಿ?’ ಎಂದು ಕೇಳಿದ. ಅಪ್ಪ ಫೋನಿನಲ್ಲಿ ಫೋಟೊ ನೋಡುತ್ತಾ, ‘ಹೊರಗೆ ಬಿಸಾಕು ಪುಟ್ಟಾ, ಕಾಡೇ ಅಲ್ವಾ’ ಎಂದರು.

ಹುಡುಗ ಎಸೆಯಲಿಲ್ಲ. ಕೈಯಲ್ಲೇ ಇಟ್ಟುಕೊಂಡು ನನ್ನ ಕಡೆ ನೋಡಿದ. ಕನ್ನಡಿಯಲ್ಲಿ ನನಗೆ ಅವನ ಕಣ್ಣು ಕಂಡಿತು. ನಾನು ಕೈ ಹಿಂದಕ್ಕೆ ಚಾಚಿದೆ, ಕೊಟ್ಟ. ಅಷ್ಟೇ ಆಗಿದ್ದು. ಯಾರೂ ಜಗಳ ಆಡಲಿಲ್ಲ. ಆದರೆ ‘ಕಾಡೇ ಅಲ್ವಾ’ ಎನ್ನುವ ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅವರು ಕೆಟ್ಟವರಲ್ಲ. ಅವರ ಮನೆಯ ಅಂಗಳದಲ್ಲಿ ಒಂದು ಕಾಗದದ ಚೂರು ಬಿದ್ದರೂ ಎತ್ತಿ ಹಾಕುವವರೇ ಇರಬೇಕು. ಕಾಡು ಎಂದರೆ ಯಾರದ್ದೂ ಅಲ್ಲದ ಜಾಗ, ಅಲ್ಲಿ ಬಿದ್ದದ್ದು ಎಲ್ಲಿಗೂ ಹೋಗುವುದಿಲ್ಲ, ಯಾರಿಗೂ ತಾಗುವುದಿಲ್ಲ ಎಂದು ಅಂದುಕೊಂಡಿದ್ದಾರೆ. ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳುತ್ತೇನೆ.

ಬೆಟ್ಟದ ಬುಡದಲ್ಲಿರುವ ನಮ್ಮಂಥ ಮನೆಗಳಿಗೆ ಬಾವಿ ಇರುವುದು ಕಡಿಮೆ. ಮೇಲೆ ಕಾಡಿನಲ್ಲಿರುವ ಅಬ್ಬಿಯಿಂದ, ಅಂದರೆ ಝರಿಯಿಂದ, ನೀರು ತಂದುಕೊಳ್ಳುತ್ತೇವೆ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಬರುತ್ತಿತ್ತಂತೆ. ಈಗ ಕಪ್ಪು ಪೈಪು. ಪಂಪ್ ಇಲ್ಲ, ಕರೆಂಟ್ ಇಲ್ಲ. ಹಗಲು ರಾತ್ರಿ ತನ್ನಷ್ಟಕ್ಕೆ ಬಂದು ಬಚ್ಚಲ ಪಕ್ಕದ ತೊಟ್ಟಿಗೆ ಬೀಳುತ್ತದೆ. ಕುಡಿಯಲು, ಅಡುಗೆಗೆ, ದನಕ್ಕೆ, ದೇವರ ಪೂಜೆಗೆ ಎಲ್ಲಕ್ಕೂ ಅದೇ ನೀರು. ಬೇಸಿಗೆಯಲ್ಲಿ ಸಣ್ಣದಾಗುತ್ತದೆ, ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಓದುಗರಲ್ಲೂ ಬಹಳ ಜನ ಅಬ್ಬಿ ನೀರು ಕುಡಿದೇ ಬೆಳೆದಿರುತ್ತೀರಿ.

ನಮ್ಮ ಅಬ್ಬಿಯ ಮೇಲುಗಡೆ ಹಳ್ಳ ಒಂದಾಳು ಎತ್ತರದಿಂದ ಧುಮುಕುವ ಜಾಗ ಒಂದಿದೆ. ಮೂರು ವರ್ಷದ ಹಿಂದಿನವರೆಗೆ ಅಲ್ಲಿಗೆ ದನ ಹುಡುಕಲು ಹೋದವರನ್ನು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ಯಾರೋ ರೀಲ್ಸ್ ಮಾಡಿ ಹಾಕಿದರು. ಆಮೇಲೆ ಶನಿವಾರ, ಭಾನುವಾರ ಕಾರುಗಳು ಶುರುವಾದವು. ಆ ಜಾಗದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೂ ನಾಲ್ಕು ಕಾರು ಬರುತ್ತವೆ.

ಹೋದ ವರ್ಷ ನವೆಂಬರಿನಲ್ಲಿ ಒಂದು ದಿನ ಬೆಳಗ್ಗೆ ತೊಟ್ಟಿಗೆ ನೀರು ಬೀಳುವ ಸದ್ದು ನಿಂತಿತ್ತು. ಆ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆ ಎಂದರೆ, ಅದು ನಿಂತಾಗಲೇ ಎಚ್ಚರವಾಗುತ್ತದೆ. ಎಲೆ ಕಟ್ಟಿಕೊಂಡಿರಬೇಕು ಅಂದುಕೊಂಡು ಕತ್ತಿ ಹಿಡಿದು ಮಗನ ಜೊತೆ ಹೋದೆ. ಪೈಪಿನ ಬಾಯಿಗೆ ನಾವು ಒಂದು ಜಾಲರಿ ಕಟ್ಟಿರುತ್ತೇವೆ. ಅದರ ಮೇಲೆ ಬಿಳಿ ಬಟ್ಟೆಯ ಹಾಗೆ ಏನೋ ಅಂಟಿಕೊಂಡಿತ್ತು. ಕೋಲಿನಿಂದ ಎತ್ತಿದರೆ ನಾಲ್ಕೈದು ಒದ್ದೆ ಟಿಶ್ಯೂಗಳು. ಕಾಗದವಾಗಿದ್ದರೆ ಕರಗಿಹೋಗುತ್ತಿತ್ತು, ಇವು ಎಳೆದರೂ ಹರಿಯಲಿಲ್ಲ. ಅಂಥ ಒರೆಸುವ ಟಿಶ್ಯೂಗಳಲ್ಲಿ ಬಹಳಷ್ಟಕ್ಕೆ ಪ್ಲಾಸ್ಟಿಕ್ ನೂಲು ಸೇರಿಸಿರುತ್ತಾರೆ. ಅದರ ಕೆಳಗೆ ಮಗುವಿನ ಡೈಪರ್. ನೀರು ಕುಡಿದು ಉಬ್ಬಿ, ಒಡೆದು, ಒಳಗಿನದ್ದು ಅರಳು ಬೇಯಿಸಿದ ಗಂಜಿಯ ಹಾಗೆ ಜಾಲರಿಗೆ ಮೆತ್ತಿಕೊಂಡಿತ್ತು. ಒಂದಷ್ಟು ಜಾಲರಿ ದಾಟಿ ಪೈಪಿನೊಳಗೂ ಹೋಗಿತ್ತು.

ಮಗ ಕೇಳಿದ, ‘ಅಪ್ಪಯ್ಯ, ಇದು ಯಾವಾಗ ಬಂದಿದ್ದು?’ ಭಾನುವಾರ ಬಂದಿರಬೇಕು. ನಾವು ಹೋದದ್ದು ಬುಧವಾರ. ಮೂರು ದಿನ ಆ ನೀರನ್ನೇ ಕುಡಿದಿದ್ದೆವು.

ನಮ್ಮಮ್ಮನಿಗೆ ಎಪ್ಪತ್ತೆಂಟು ವರ್ಷ. ಆಸ್ಪತ್ರೆಗೆ ಹೋದಾಗಲೂ ಬಾಟಲಿ ನೀರು ಕುಡಿಯದೆ, ಮನೆಯಿಂದ ಚೊಂಬಿನಲ್ಲಿ ಅಬ್ಬಿ ನೀರು ತರಿಸಿಕೊಂಡವಳು. ಅವಳಿಗೆ ಹೇಳುವುದೋ ಬೇಡವೋ ಎಂದು ನಾನೂ ಹೆಂಡತಿಯೂ ಒಂದು ದಿನ ಯೋಚನೆ ಮಾಡಿದೆವು. ಕೊನೆಗೆ ಹೇಳಿದೆವು. ಅಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ದೇವರ ಮುಂದಿದ್ದ ಕಲಶದ ನೀರನ್ನು ತುಳಸಿ ಬುಡಕ್ಕೂ ಹಾಕದೆ, ಬಚ್ಚಲಿಗೆ ಚೆಲ್ಲಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಕಾಯಿಸುತ್ತೇವೆ. ನನಗೆ ಬುದ್ಧಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಕುಡಿಯುವ ನೀರು ಕಾಯಿಸಿದ್ದನ್ನು ನಾನು ನೋಡಿರಲಿಲ್ಲ.

ಇದು ಒಂದು ಮನೆಯ ಕಥೆ ಎಂದು ಬಿಡಬೇಡಿ. ಕೊಡಚಾದ್ರಿ 1,343 ಮೀಟರ್ ಎತ್ತರದ ಬೆಟ್ಟ. ಅದರ ಪಡುವಣ ಮಗ್ಗುಲಿನ ನೀರು ಸೌಪರ್ಣಿಕೆಯಾಗಿ ಕೊಲ್ಲೂರಿಗೆ ಇಳಿದು, ಮರವಂತೆಯನ್ನು ಹಾದು ಗಂಗೊಳ್ಳಿಯ ಹತ್ತಿರ ಸಮುದ್ರ ಸೇರುತ್ತದೆ. ಕೊಲ್ಲೂರಿನಲ್ಲಿ ಅದೇ ನೀರಿನಲ್ಲಿ ಮಿಂದು ತಾಯಿಯ ದರ್ಶನ ಮಾಡಿದವರೇ ಮಾರನೇ ದಿನ ನಮ್ಮ ಜೀಪ್ ಹತ್ತುತ್ತಾರೆ. ಹಾಗೆ ಬಂದವರು ಮೇಲೆ ಮೂಲ ಮೂಕಾಂಬಿಕೆಗೆ ಕೈ ಮುಗಿದು, ಎದುರಿಗಿರುವ ಕಬ್ಬಿಣದ ಕಂಬ ಮುಟ್ಟಿ ನಮಸ್ಕಾರ ಮಾಡುವುದನ್ನು ನೋಡಿದ್ದೇನೆ. ಅದೇ ಕೈ ಹತ್ತು ಹೆಜ್ಜೆ ಆಚೆ ಹೋಗಿ ಹಣ್ಣಿನ ರಸದ ಡಬ್ಬಿಯನ್ನು ಹುಲ್ಲಿಗೆ ಎಸೆಯುವುದನ್ನೂ ನೋಡಿದ್ದೇನೆ.

ನೀರು ನಿಂತ ಆ ವಾರದ ಮೇಲೆ ಒಂದು ಸೋಮವಾರ ನಾವು ನಾಲ್ಕು ಜನ ಡ್ರೈವರ್‌ಗಳು ಬಾಡಿಗೆ ಬಿಟ್ಟು, ದಾರಿಯ ಒಂದು ತಿರುವಿನ ಕೆಳಗೆ ಇಳಿದೆವು. ಜೀಪುಗಳು ಸ್ವಲ್ಪ ಹೊತ್ತು ನಿಲ್ಲುವ ಜಾಗ ಅದು. ಕಾಲಿಗೆ ಇಂಬಳ (ಜಿಗಣೆ) ಹತ್ತಿಸಿಕೊಂಡು ಅರ್ಧ ದಿನ ಹೆಕ್ಕಿದೆವು. ಅಡಿಕೆ ತುಂಬುವ ಗೋಣಿಚೀಲ ಐದು ತುಂಬಿತು. ಮನೆಗೆ ತಂದು ಅಂಗಳದಲ್ಲಿ ಸುರಿದು ಬೇರೆ ಮಾಡಿದೆವು. ನೀರಿನ ಬಾಟಲಿಗಳೇ ಮುನ್ನೂರರ ಹತ್ತಿರ. ಚಿಪ್ಸ್, ಕುರ್ಕುರೆ ಪೊಟ್ಟಣ ಎಣಿಸಲು ಹೋಗಲಿಲ್ಲ. ಕಾಗದದ ಟೀ ಲೋಟ, ಗುಟ್ಕಾ ಚೀಟಿ, ಮದ್ಯದ ಟೆಟ್ರಾ ಪ್ಯಾಕು, ಬಿಯರ್ ಬಾಟಲಿ, ಬಿಯರ್ ಬಾಟಲಿಯ ಚೂರು, ಐದು ರೂಪಾಯಿಯ ಮಳೆಕೋಟಿನ ಹಾಗಿರುವ ತೆಳು ಪ್ಲಾಸ್ಟಿಕ್ ಅಂಗಿಗಳು, ಒಂದು ಮಗುವಿನ ಶೂ, ಹುಟ್ಟುಹಬ್ಬದ ಕೇಕಿನ ರಟ್ಟು, ಅದರ ಜೊತೆ ಚಮ್ಕಿ ಕಾಗದ. ಒಂದು ಬಾಟಲಿಯೊಳಗೆ ಓತಿಕ್ಯಾತದ ಮರಿ ಹೊಕ್ಕು, ಹೊರಗೆ ಬರಲಾಗದೆ ಒಣಗಿ ಹೋಗಿತ್ತು. ಬಾಲ ಇನ್ನೂ ಬಾಟಲಿಯ ಕತ್ತಿನ ಕಡೆಗೇ ಚಾಚಿಕೊಂಡಿತ್ತು. ನನ್ನ ಮಗ ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ.

ಗುಜರಿಯವರು ನೀರಿನ ಬಾಟಲಿ ತೆಗೆದುಕೊಂಡರು. ಬಿಯರ್ ಬಾಟಲಿಯಲ್ಲಿ ಒಡೆಯದ್ದನ್ನು ಮಾತ್ರ ತೆಗೆದುಕೊಂಡರು. ಚಿಪ್ಸ್ ಪೊಟ್ಟಣವನ್ನು ಬೇಡ ಎಂದರು. ಅದರಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಲೇಪ ಇರುತ್ತದೆ. ಎರಡನ್ನೂ ಬಿಡಿಸಲಾಗುವುದಿಲ್ಲ, ಹಾಗಾಗಿ ಅದಕ್ಕೆ ಬೆಲೆ ಇಲ್ಲ. ಟೀ ಲೋಟವೂ ಹಾಗೇ. ನೋಡಲು ಕಾಗದ, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ. ಸಿಗರೇಟಿನ ತುದಿಯಲ್ಲಿರುವ ಬಿಳಿ ಹತ್ತಿಯಂಥದ್ದು ಕೂಡ ಹತ್ತಿ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್ಕೇ. ಫೆಬ್ರವರಿ, ಮಾರ್ಚಿನಲ್ಲಿ ಮೇಲಿನ ಬೋಳುಗುಡ್ಡದ ಹುಲ್ಲು ಒಣಗಿ ನಿಂತಿರುವಾಗ ಆ ತುದಿ ಆರದೆ ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ದನಗಳ ಪಾಡು ಬೇರೆ. ನಮ್ಮವು ಮಲೆನಾಡು ಗಿಡ್ಡ, ಬೆಳಗ್ಗೆ ಬಿಟ್ಟರೆ ಹುಲ್ಲಿನ ಬ್ಯಾಣ, ಹಳ್ಳ ಸುತ್ತಿ ಸಂಜೆ ತಾವೇ ಬರುತ್ತವೆ. ಪಕ್ಕದ ಮನೆಯವರ ಹಸುವೊಂದು ಕುಂಟುತ್ತಾ ಬಂತು. ಗೊರಸಿನ ಸಂದಿಯಲ್ಲಿ ಉಗುರಿನಷ್ಟು ಕಂದು ಗಾಜು. ಡಾಕ್ಟರು ತೆಗೆಯುವಾಗ ಕಾಲು ಹಿಡಿದುಕೊಂಡವನು ನಾನೇ. ಮಳೆಗಾಲದ ಕೊನೆ, ಗಾಯ ಒಣಗಲೇ ಇಲ್ಲ, ಹುಳ ಬಿತ್ತು. ಎರಡು ತಿಂಗಳು ಅದು ಕೊಟ್ಟಿಗೆಯಲ್ಲೇ ಇತ್ತು. ದಿನಾ ಅದಕ್ಕೆ ಹುಲ್ಲು ಕೊಯ್ದು ತಂದವರು ಅರವತ್ತು ದಾಟಿದ ಆ ಮನೆಯ ಯಜಮಾನತಿ.

ಇನ್ನು ಮಂಗಗಳು. ಊಟ ಮಾಡಿ ಉಳಿದದ್ದನ್ನು ‘ಪ್ರಾಣಿಗಳು ತಿನ್ನಲಿ’ ಎಂದು ಬಿಟ್ಟು ಹೋಗುವವರು ಬಹಳ. ಅವರ ಮನಸ್ಸು ಒಳ್ಳೆಯದೇ. ಆದರೆ ಅದರಿಂದ ಮಂಗಗಳು ಜನ ಕೂರುವ ಜಾಗಕ್ಕೇ ಬಂದು ಹಿಂಡುಗಟ್ಟುತ್ತವೆ. ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆ ಎಂದರೆ ಏನು ಎಂದು ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಎಷ್ಟು ಮನೆಗಳಲ್ಲಿ ಕಣ್ಣೀರು ಹರಿಯಿತು. ಕಾಯಿಲೆ ಹರಡುವುದು ಉಣುಗಿನಿಂದ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದಿಂದ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಕಾಡಿನಲ್ಲಿ ಹರಡುತ್ತದೆ. ಅದು ಜಾಸ್ತಿಯಾಗುವುದು ಡಿಸೆಂಬರಿನಿಂದ ಬೇಸಿಗೆಯವರೆಗೆ. ಪ್ರವಾಸಿಗರು ಜಾಸ್ತಿ ಬರುವುದೂ ಅದೇ ತಿಂಗಳುಗಳಲ್ಲಿ. ಮಂಗಗಳನ್ನು ಜನರ ಹತ್ತಿರಕ್ಕೆ ಕರೆಯುವ ಕೆಲಸ ನಾವಂತೂ ಮಾಡಬಾರದು, ಅಲ್ವಾ?

ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಹೇಳದೆ ಬೇರೆಯವರ ಬಗ್ಗೆ ಬರೆಯುವುದು ಸರಿಯಲ್ಲ. ನಾವು ಕಸ ಹೆಕ್ಕಿದ ಆ ತಿರುವಿನಲ್ಲಿ ನಾನೇ ನೂರಾರು ಸಲ ಜೀಪ್ ನಿಲ್ಲಿಸಿದ್ದೇನೆ. ಹುಡುಗರು ಬಾಟಲಿ ತೆಗೆಯುವುದು ಗೊತ್ತಿದ್ದೂ ಬೀಡಿ ಸೇದುತ್ತಾ ಆಚೆ ನಿಂತಿದ್ದೇನೆ. ಏನಾದರೂ ಹೇಳಿದರೆ ಕೊನೆಯಲ್ಲಿ ಕೊಡುವ ನೂರು ರೂಪಾಯಿ ಖುಷಿ ಹೋಗುತ್ತದೆ ಎನ್ನುವ ಯೋಚನೆ. ಆ ಐದು ಗೋಣಿಚೀಲದಲ್ಲಿ ನನ್ನ ಜೀಪಿನಿಂದ ಇಳಿದದ್ದು ಎಷ್ಟಿತ್ತೋ. ಅದನ್ನು ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏನು ಮಾಡಬಹುದು? ಕಾನೂನು ಇಲ್ಲ ಎಂದೇನಲ್ಲ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧ ಆಯಿತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಹಲವನ್ನು ನಿಲ್ಲಿಸಿತು. ಆದರೆ ನಮ್ಮ ಅಂಗಳದಲ್ಲಿ ಸುರಿದ ರಾಶಿಯಲ್ಲಿ ಮುಕ್ಕಾಲು ಪಾಲು ನೀರಿನ ಬಾಟಲಿ ಮತ್ತು ತಿಂಡಿ ಪೊಟ್ಟಣ. ಅವೆರಡೂ ಆ ಪಟ್ಟಿಯಲ್ಲಿ ಇಲ್ಲ. ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ‘ಕಸ ಹಾಕಬೇಡಿ’ ಎಂಬ ಬೋರ್ಡು ಓದಿ ಕಸ ಹಾಕದವರು ಬೋರ್ಡು ಇಲ್ಲದಿದ್ದರೂ ಹಾಕುವವರಲ್ಲ. ಗೇಟಿನಲ್ಲಿ ನಿಲ್ಲುವ ವಾಚರ್‌ಗಳನ್ನು ಬೈದೂ ಪ್ರಯೋಜನವಿಲ್ಲ. ಇಬ್ಬರು ಮೂವರು ಇಷ್ಟು ದೊಡ್ಡ ಬೆಟ್ಟವನ್ನು ಕಾಯುವುದು ಹೇಗೆ?

ಪಕ್ಕದ ತಮಿಳುನಾಡಿನ ನೀಲಗಿರಿಯಲ್ಲಿ ಒಂದು ಕ್ರಮ ಇದೆ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, 2022ರ ಮೇ ತಿಂಗಳಿನಿಂದ ಅಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಖಾಲಿ ಬಾಟಲಿ ತಂದುಕೊಟ್ಟರೆ ಆ ಹತ್ತು ರೂಪಾಯಿ ವಾಪಸ್. ಆಮೇಲೆ ಅದನ್ನು ಬೇರೆ ಜಿಲ್ಲೆಗಳಿಗೂ ತಂದರು. ನೀಲಗಿರಿಗೆ ಪ್ಲಾಸ್ಟಿಕ್ ನೀರಿನ ಬಾಟಲಿ ತರುವಂತೆಯೂ ಇಲ್ಲ. ದಾರಿಯಲ್ಲಿ ನೀರು ತುಂಬಿಕೊಳ್ಳುವ ಯಂತ್ರ ಇಟ್ಟಿದ್ದಾರೆ. ಹತ್ತು ರೂಪಾಯಿ ದೊಡ್ಡದಲ್ಲ. ಆದರೆ ಕುಡಿದವನು ಎಸೆದರೂ ಹೆಕ್ಕಿ ತರುವವನಿಗೆ ಅದು ದುಡ್ಡು.

ನಮ್ಮಲ್ಲಿ ಇನ್ನೂ ಸುಲಭ ಅನ್ನಿಸುತ್ತದೆ. ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ಗೇಟು ಇದೆ, ಅಲ್ಲೇ ಟಿಕೆಟ್ ಮಾಡಿಸುತ್ತೇವೆ. ಅದೇ ದಾರಿಯಲ್ಲಿ ವಾಪಸ್ ಬರುತ್ತೇವೆ. ಹತ್ತುವಾಗ ಜೀಪಿನಲ್ಲಿರುವ ಬಾಟಲಿ, ಪೊಟ್ಟಣ ಎಣಿಸಿ ಒಂದು ಚೀಟಿ ಬರೆಯಲಿ. ಒಂದೊಂದಕ್ಕೆ 20 ರೂಪಾಯಿ ಇಟ್ಟುಕೊಳ್ಳಲಿ. ಇಳಿಯುವಾಗ ಖಾಲಿಯಾದದ್ದನ್ನು ತೋರಿಸಿ ದುಡ್ಡು ವಾಪಸ್ ತೆಗೆದುಕೊಳ್ಳಲಿ. ಗಾಜಿನ ಬಾಟಲಿ ಇದ್ದರೆ ಗೇಟಿನಲ್ಲೇ ಇಳಿಸಲಿ. ಒಂದು ಜೀಪಿಗೆ ಐದು ನಿಮಿಷ ಹಿಡಿಯುತ್ತದೆ. ಗಲಾಟೆ ಆಗುತ್ತದೆ ಎನ್ನುವವರು ಇದ್ದಾರೆ, ಶುರುವಿನಲ್ಲಿ ಆಗಲೂಬಹುದು. ಚೀಟಿಯ ಮೇಲೆ ಜೀಪಿನ ನಂಬರ್ ಇರಲಿ, ಡ್ರೈವರ್ ಸಹಿ ಇರಲಿ. ಲೆಕ್ಕ ಸರಿ ಬಾರದಿದ್ದರೆ ನಮ್ಮನ್ನೂ ಕೇಳಲಿ. ಎರಡು ಸಲ ತಪ್ಪಿದ ಜೀಪನ್ನು ಒಂದು ವಾರ ಬಿಡದಿರಲಿ. ಇದನ್ನು ಹೇಳಿದ್ದಕ್ಕೆ ನಮ್ಮವರೇ ಕೆಲವರು ನನ್ನ ಮೇಲೆ ಬೇಜಾರಾಗಿದ್ದಾರೆ. ಆದರೂ ಹೇಳುತ್ತೇನೆ.

ನಡೆದು ಹತ್ತುವವರದ್ದು ಬೇರೆ ದಾರಿ, ಹಿಡ್ಲುಮನೆ ಜಲಪಾತದ ಕಡೆಯಿಂದ ಬರುವವರೂ ಇರುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಟ್ಟೊಟ್ಟಿಗೆ ಸಾವಿರಾರು ಜನ ನುಗ್ಗಿ ಗಲಿಬಿಲಿಯಾದ ಮೇಲೆ, ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿಯನ್ನೂ ಇಟ್ಟಿತು. ಹೆಸರು, ಫೋನ್ ನಂಬರ್ ಎಲ್ಲಾ ಅಲ್ಲೇ ಇರುತ್ತದೆ. ಠೇವಣಿಯನ್ನೂ ಅದರಲ್ಲೇ ಸೇರಿಸುವುದು ಕಷ್ಟವೇನಲ್ಲ.

ಹೆಣ್ಣುಮಕ್ಕಳ ವಿಷಯ ಒಂದು ಹೇಳಬೇಕು. ನನ್ನ ಹೆಂಡತಿ ಇದನ್ನು ಬರೆಯಲೇಬೇಕು ಎಂದಳು. ನಮ್ಮ ಪೈಪಿನ ಬಾಯಿಗೆ ಡೈಪರ್ ಬಂದದ್ದನ್ನು ನೋಡಿ ನನಗೆ ಸಿಟ್ಟು ಮಾತ್ರ ಬಂದಿತ್ತು. ಅವಳು ಕೇಳಿದಳು, ‘ಎಳೆಗೂಸು ಕಟ್ಟಿಕೊಂಡು ಬಂದ ತಾಯಿ ಅದನ್ನು ಎಲ್ಲಿ ಹಾಕಬೇಕಿತ್ತು? ದಾರಿಯಲ್ಲಿ ಒಂದು ಡಬ್ಬ ಇದೆಯಾ, ಒಂದು ಪಾಯಿಖಾನೆ ಇದೆಯಾ?’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಪುಟ್ಟ ಪುಟ್ಟ ಝರಿಗಳ ಹತ್ತಿರವೆಲ್ಲ ಕಟ್ಟಡ ಕಟ್ಟಿ ಎನ್ನುವುದಿಲ್ಲ, ಕಟ್ಟಿದರೆ ಜನ ಇನ್ನೂ ಜಾಸ್ತಿ ಆಗುತ್ತಾರೆ. ಆದರೆ ಹತ್ತುವ ಮೊದಲು ಬುಡದಲ್ಲಿ ಶುಚಿಯಾದ ಪಾಯಿಖಾನೆ ಇರಲಿ, ಕುಡಿಯುವ ನೀರು ತುಂಬಿಕೊಳ್ಳುವ ನಲ್ಲಿ ಇರಲಿ, ಡೈಪರ್, ಪ್ಯಾಡ್ ಸುತ್ತಿಕೊಳ್ಳಲು ಒಂದು ಕಾಗದದ ಚೀಲ ಕೊಡಲಿ. ಕೆಳಗೆ ಬಂದ ಕಸ ಹಳ್ಳದ ದಂಡೆಗೆ ಹೋಗದೆ ಊರಿನ ಕಸದ ಗಾಡಿಗೆ ಹೋಗಲಿ.

ಸದ್ಯಕ್ಕೆ ನಾವು ಮಾಡಿರುವುದು ಇಷ್ಟು. ಒಂಬತ್ತು ಜೀಪುಗಳ ಹಿಂದಿನ ಸೀಟಿನ ಕೆಳಗೆ ಗೋಣಿಚೀಲ ಕಟ್ಟಿದ್ದೇವೆ. ಹತ್ತಿಸಿಕೊಳ್ಳುವಾಗಲೇ, ‘ಖಾಲಿ ಬಾಟಲಿ, ಕವರ್ ಎಲ್ಲಾ ಇದಕ್ಕೇ ಹಾಕಿ ಸಾರ್, ಕೆಳಗೆ ನಮ್ಮ ಮನೆಯವರು ಕುಡಿಯುವ ನೀರು ಇದೆ’ ಎಂದು ಹೇಳುತ್ತೇವೆ. ಮೊದಲಿಗೆ ಹೇಳಲು ನಾಚಿಕೆ ಆಗುತ್ತಿತ್ತು. ಈಗ ಬಾಯಿಗೆ ಬಂದಿದೆ. ಹೀಗೆ ಹೇಳಿದ ಮೇಲೆ ಎಸೆದವರು ತೀರಾ ಕಡಿಮೆ. ಒಬ್ಬರು ಅಜ್ಜಿ, ಕೇರಳದವರು, ಭಾಷೆ ಸರಿಯಾಗಿ ಬಾರದಿದ್ದರೂ ಅರ್ಥ ಮಾಡಿಕೊಂಡು, ಮೇಲೆ ಬೇರೆಯವರು ಬಿಸಾಕಿದ ಬಾಟಲಿಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಚೀಲಕ್ಕೆ ಹಾಕಿದರು. ತುಂಬಿದ ಚೀಲವನ್ನು ಸೋಮವಾರ ಗುಜರಿಗೆ ಕೊಡುತ್ತೇವೆ. ಪೊಟ್ಟಣಗಳು ಮಾತ್ರ ನನ್ನ ಕೊಟ್ಟಿಗೆಯ ಅಟ್ಟದಲ್ಲಿ ಹಾಗೇ ಕೂತಿವೆ. ಅವನ್ನು ತೆಗೆದುಕೊಂಡು ಹೋಗುವ ವ್ಯವಸ್ಥೆ ಯಾರಾದರೂ ಮಾಡಿದರೆ ದೊಡ್ಡ ಉಪಕಾರ.

ಸಂಪಾದಕರಲ್ಲಿ ಒಂದು ಕೋರಿಕೆ. ಈ ಪತ್ರವನ್ನು ಹಾಕುವುದಾದರೆ ದಯವಿಟ್ಟು ಶುಕ್ರವಾರ ಹಾಕಿ. ಬೆಟ್ಟಕ್ಕೆ ಬರುವವರು ಬ್ಯಾಗ್ ತುಂಬಿಕೊಳ್ಳುವುದು ಶುಕ್ರವಾರ ರಾತ್ರಿ. ಶನಿವಾರ ಬೆಳಗ್ಗೆ ಬೆಳಕು ಹರಿಯುವ ಮೊದಲೇ ನಮ್ಮ ಜೀಪುಗಳು ಹೊರಡುತ್ತವೆ.

ಇಂತಿ ನಮಸ್ಕಾರಗಳು,
ಕೊಡಚಾದ್ರಿಯ ಒಬ್ಬ ಜೀಪ್ ಚಾಲಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ